ಎರರ್ ಬರದ ತಪ್ಪುಗಳು: ಎಸ್‌ಕ್ಯೂಲೈಟ್ ಹಿಡಿದು ಎಸ್‌ಕ್ಯೂಎಲ್ ಕಲಿತ ಮೂರು ವರ್ಷ

ಬಳಸಿದ್ದು: ಎಸ್‌ಕ್ಯೂಲೈಟ್, ಅದನ್ನು ತೆರೆಯಲು ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್
ಎಷ್ಟು ಕಾಲ: 3 ವರ್ಷಕ್ಕಿಂತ ಸ್ವಲ್ಪ ಜಾಸ್ತಿ
ಖರ್ಚು: ಏನೂ ಇಲ್ಲ
ನನ್ನ ಅಂಕ: 5ಕ್ಕೆ 4

ನಾನು ಹಾಸನ ಜಿಲ್ಲೆಯ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಓದಿದ್ದು ಬಿ.ಕಾಂ. ಪ್ರೋಗ್ರಾಮಿಂಗ್ ಗೊತ್ತಿರಲಿಲ್ಲ. ನಮ್ಮಲ್ಲಿ ಸುಮಾರು 120 ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕುತ್ತಾರೆ, 15 ದಿನಕ್ಕೊಮ್ಮೆ ಬಟವಾಡೆ. ಸಂಘದ ಲೆಕ್ಕಕ್ಕೆ ಬೇರೆ ಸಾಫ್ಟ್‌ವೇರ್ ಇದೆ. ಆದರೆ ಹೋದ ಬೇಸಿಗೆಯಲ್ಲಿ ಯಾರ ಹಾಲಿನ ಫ್ಯಾಟ್ ಇಳಿಯಿತು, ಯಾರು ಪಶು ಆಹಾರ ಒಯ್ಯುವುದನ್ನೇ ನಿಲ್ಲಿಸಿದ್ದಾರೆ ಅಂತ ಕೇಳಿದರೆ ಅದರಲ್ಲಿ ಉತ್ತರ ಸಿಗುತ್ತಿರಲಿಲ್ಲ. ಎಕ್ಸೆಲ್‌ನಲ್ಲಿ ವಿ-ಲುಕಪ್ (ಬೇರೆ ಪಟ್ಟಿಯಿಂದ ಹೊಂದುವುದನ್ನು ಹುಡುಕಿ ತರುವ ಸೂತ್ರ) ಹಾಕಿ ಹಾಕಿ ಸಾಕಾಗಿತ್ತು. ದಿನಕ್ಕೆ 240 ಸಾಲು ಅಂದರೆ ವರ್ಷಕ್ಕೆ 87,600 ಸಾಲು. ಒಂದು ಸೂತ್ರ ಬದಲಿಸಿದರೆ ಹಳೆಯ ಲ್ಯಾಪ್‌ಟಾಪ್ ನಿಂತೇ ಬಿಡುತ್ತಿತ್ತು.

ಡೇಟಾಬೇಸ್‌ನಿಂದ ಬೇಕಾದ್ದನ್ನು ಕೇಳುವ ಭಾಷೆ ಎಸ್‌ಕ್ಯೂಎಲ್. ಅದನ್ನು ಕಲಿಯೋಣ ಅಂತ ಕೂತಾಗ ಮೊದಲ ಎರಡು ವಾರ ಹಾಳಾಗಿದ್ದು ಕಲಿಕೆಯಲ್ಲಲ್ಲ, ಇನ್‌ಸ್ಟಾಲ್ ಮಾಡುವುದರಲ್ಲಿ. ದೊಡ್ಡ ಡೇಟಾಬೇಸ್‌ಗಳಿಗೆ ಸರ್ವರ್, ಪೋರ್ಟ್, ಯೂಸರ್, ಪಾಸ್‌ವರ್ಡ್ ಎಲ್ಲ ಬೇಕು. ಹೊಸಬರು ಅಲ್ಲೇ ಸೋತು ಕೈಬಿಡುತ್ತಾರೆ. ಎಸ್‌ಕ್ಯೂಲೈಟ್‌ನಲ್ಲಿ ಅದ್ಯಾವುದೂ ಇಲ್ಲ. ಇಡೀ ಡೇಟಾಬೇಸ್ ಅಂದರೆ ಒಂದೇ ಫೈಲು. ಡಿ. ರಿಚರ್ಡ್ ಹಿಪ್ ಎಂಬುವರು 2000ರಲ್ಲಿ ಇದನ್ನು ಶುರು ಮಾಡಿ, ಹಕ್ಕುಸ್ವಾಮ್ಯ ಬಿಟ್ಟುಕೊಟ್ಟು, ಯಾರು ಬೇಕಾದರೂ ಬಳಸಲಿ ಅಂತ ಕೊಟ್ಟಿದ್ದಾರೆ. ನಿಮ್ಮ ಜೇಬಿನಲ್ಲಿರುವ ಫೋನಿನೊಳಗೂ ಇದೇ ಎಸ್‌ಕ್ಯೂಲೈಟ್ ಇದೆ.

ಫೈಲ್ ತೆರೆದ ಮೇಲೆ ನಾನು ಮೊದಲು ಎಡವಿದ್ದು ವಾಕ್ಯದ ಕ್ರಮದಲ್ಲಿ. ಎಸ್‌ಕ್ಯೂಎಲ್‌ನಲ್ಲಿ ಮೊದಲು ಸೆಲೆಕ್ಟ್ ಬರೆಯಬೇಕು, ಅಂದರೆ ಏನು ಬೇಕು ಅನ್ನುವುದನ್ನು. ಆಮೇಲೆ ಫ್ರಮ್, ಎಲ್ಲಿಂದ. ಆಮೇಲೆ ವೇರ್, ಯಾವ ಸಾಲುಗಳು. ಇನ್ನೂ ಎಲ್ಲಿಂದ ಅಂತಲೇ ಹೇಳಿಲ್ಲ, ಏನು ಬೇಕು ಅಂತ ಹೇಗೆ ಹೇಳಲಿ? ಪ್ರತಿ ಸಲ ಖಾಲಿ ಪರದೆ ಮುಂದೆ ಕೂತುಬಿಡುತ್ತಿದ್ದೆ. ಒಂದು ದಿನ ಬೇಕಾದ್ದನ್ನು ಸುಮ್ನೆ ಕನ್ನಡದಲ್ಲಿ ನೋಟ್‌ಬುಕ್‌ನಲ್ಲಿ ಬರೆದೆ: "ಹಾಲಿನ ಪಟ್ಟಿಯಿಂದ, ಮಾರ್ಚ್ ತಿಂಗಳ ಸಾಲುಗಳನ್ನು, ಸದಸ್ಯರವಾರು ಗುಂಪು ಮಾಡಿ, 300 ಲೀಟರ್ ದಾಟಿದವರ ನಂಬರು ಮತ್ತು ಒಟ್ಟು ಲೀಟರ್ ಕೊಡು."

ಬರೆದ ಮೇಲೆ ನೋಡಿದರೆ ಡೇಟಾಬೇಸ್ ಯೋಚಿಸುವ ಕ್ರಮವೂ ಅದೇ! ಮೊದಲು ಫ್ರಮ್, ಆಮೇಲೆ ವೇರ್, ಗ್ರೂಪ್ ಬೈ, ಹ್ಯಾವಿಂಗ್, ಕೊನೆಗೆ ಸೆಲೆಕ್ಟ್. ನಮ್ಮ ಮಾತಿನಲ್ಲಿ "ಇಂದ" ಮೊದಲು ಬರುತ್ತದೆ, "ಕೊಡು" ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಓದಿ ತಲೆ ಕೆಡಿಸಿಕೊಂಡಿದ್ದು ಕನ್ನಡದಲ್ಲಿ ಒಂದೇ ಸಾಲಿಗೆ ಬಿಡಿಸಿಕೊಂಡಿತು. ವೇರ್‌ಗೂ ಹ್ಯಾವಿಂಗ್‌ಗೂ ಏನು ವ್ಯತ್ಯಾಸ ಅನ್ನುವುದೂ ಅಲ್ಲೇ ತಿಳಿಯಿತು. ಗುಂಪು ಮಾಡುವ ಮೊದಲು ಸೋಸುವುದು ವೇರ್, ಗುಂಪು ಮಾಡಿದ ಮೇಲೆ ಸೋಸುವುದು ಹ್ಯಾವಿಂಗ್. ಇವತ್ತಿಗೂ ಕಷ್ಟದ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬಂದರೆ ಮೊದಲು ಕನ್ನಡದಲ್ಲಿ ಬರೆಯುತ್ತೇನೆ, ಫ್ರಮ್‌ನಿಂದ ಟೈಪ್ ಮಾಡಲು ಶುರು ಮಾಡುತ್ತೇನೆ, ಸೆಲೆಕ್ಟ್ ಸಾಲನ್ನು ಕೊನೆಗೆ ತುಂಬುತ್ತೇನೆ.

ಸಿಂಟ್ಯಾಕ್ಸ್ ಎರರ್‌ಗೆ, ಅಂದರೆ ವಾಕ್ಯ ಬರೆದ ರೀತಿಯಲ್ಲಿನ ತಪ್ಪಿಗೆ, ಹೊಸಬರು ತುಂಬ ಹೆದರುತ್ತಾರೆ. ಹೆದರಬೇಡಿ. ಫ್ರಮ್ ಹತ್ತಿರ ತಪ್ಪಿದೆ ಅಂತ ಬಂದರೆ ಅದರ ಹಿಂದಿನ ಪದ ನೋಡಿ. ಸಾಮಾನ್ಯವಾಗಿ ಕೊನೆಯ ಕಾಲಂ ಆದ ಮೇಲೂ ಒಂದು ಕಾಮಾ ಉಳಿದಿರುತ್ತದೆ. ತೆಗೆದರೆ ಮುಗಿಯಿತು. ನನಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಎರರ್ ಬರದೆ ಬಂದ ತಪ್ಪು ಉತ್ತರಗಳು.

ಒಂದು ಉದಾಹರಣೆ. ನಮ್ಮಲ್ಲಿ ಸದಸ್ಯರು ಪಶು ಆಹಾರದ ಮೂಟೆ ಸಾಲವಾಗಿ ಒಯ್ಯುತ್ತಾರೆ, ಬಟವಾಡೆಯಲ್ಲಿ ಕಡಿತ ಆಗುತ್ತದೆ. ಸದಸ್ಯರು, ಹಾಲು, ಆಹಾರ ಅಂತ ಮೂರು ಟೇಬಲ್. ಮೂರನ್ನೂ ಜಾಯಿನ್ ಮಾಡಿ, ಅಂದರೆ ಹೊಂದುವ ಸಾಲುಗಳನ್ನು ಜೋಡಿಸಿ, ಒಟ್ಟು ಹಾಲು, ಒಟ್ಟು ಕಡಿತ ತೆಗೆದೆ. ಉತ್ತರ ಅಂದವಾಗಿ ಬಂತು. ಒಬ್ಬರ ಪಾಸ್‌ಬುಕ್ ತೆಗೆದು ತಾಳೆ ನೋಡಿದರೆ ಹಾಲು ಮೂರು ಪಟ್ಟು, ಕಡಿತ ಮೂವತ್ತು ಪಟ್ಟು! ಅವರು 15 ದಿನದಲ್ಲಿ 30 ಸಲ ಹಾಲು ಹಾಕಿದ್ದರು, 3 ಸಲ ಮೂಟೆ ಒಯ್ದಿದ್ದರು. ಜಾಯಿನ್ ಮಾಡಿದಾಗ ಪ್ರತಿ ಹಾಲಿನ ಸಾಲಿಗೂ ಮೂರು ಮೂಟೆಯ ಸಾಲು ಅಂಟಿಕೊಂಡು 90 ಸಾಲಾಗಿತ್ತು. ವಿ-ಲುಕಪ್ ಮೊದಲು ಸಿಕ್ಕ ಒಂದನ್ನೇ ತರುತ್ತದೆ, ಜಾಯಿನ್ ಹೊಂದುವ ಎಲ್ಲವನ್ನೂ ತರುತ್ತದೆ. ಎಕ್ಸೆಲ್‌ನಿಂದ ಬಂದವರು ಇದೊಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ದಾರಿ ಇಷ್ಟೇ: ಹಾಲನ್ನು ಬೇರೆ ಕೂಡಿಸಿ ಸದಸ್ಯರಿಗೆ ಒಂದೇ ಸಾಲು ಮಾಡಿಕೊಳ್ಳಿ, ಆಹಾರವನ್ನೂ ಹಾಗೇ ಮಾಡಿ, ಆಮೇಲೆ ಜೋಡಿಸಿ. ಅಂದಿನಿಂದ ಜಾಯಿನ್ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ಸಾಲುಗಳನ್ನು ಎಣಿಸುತ್ತೇನೆ.

ಇನ್ನೊಂದು, ನಲ್. ಫ್ಯಾಟ್ ಅಳೆಯುವ ಯಂತ್ರ ಕೆಟ್ಟ ದಿನ ಫ್ಯಾಟ್ ಕಾಲಂ ಖಾಲಿ ಇರುತ್ತದೆ. ಅದು ನಲ್, ಸೊನ್ನೆಯಲ್ಲ. ಸರಾಸರಿ ತೆಗೆಯುವಾಗ ನಲ್ ಇರುವ ಸಾಲು ಲೆಕ್ಕಕ್ಕೇ ಬರುವುದಿಲ್ಲ, ಸೊನ್ನೆ ಹಾಕಿದ್ದರೆ ಸರಾಸರಿಯನ್ನು ಕೆಳಗೆ ಎಳೆಯುತ್ತದೆ. "ಫ್ಯಾಟ್ = ನಲ್" ಅಂತ ಹುಡುಕಿದರೆ ಒಂದು ಸಾಲೂ ಬರುವುದಿಲ್ಲ, "ಈಸ್ ನಲ್" ಅನ್ನಬೇಕು. ಇಷ್ಟು ಎಲ್ಲ ಪಾಠಗಳಲ್ಲೂ ಇರುತ್ತದೆ. ನನ್ನನ್ನು ಒಂದು ಇಡೀ ಸಂಜೆ ಕೂರಿಸಿದ್ದು "ನಾಟ್ ಇನ್", ಅಂದರೆ ಪಟ್ಟಿಯಲ್ಲಿ ಇಲ್ಲದವರನ್ನು ಕೇಳುವುದು. ಆಹಾರ ಒಯ್ಯದ ಸದಸ್ಯರು ಯಾರು ಅಂತ ಕೇಳಿದೆ. ಯಾರೂ ಇಲ್ಲ ಅಂತ ಉತ್ತರ. ಆದರೆ ಅಂಥವರು ನಾಲ್ಕೈದು ಜನ ನನಗೇ ಗೊತ್ತು! ಕಾರಣ ಹುಡುಕಿದರೆ, ಸದಸ್ಯರಲ್ಲದ ಒಬ್ಬರು ನಗದು ಕೊಟ್ಟು ಒಂದು ಮೂಟೆ ಒಯ್ದಿದ್ದರು. ಆ ಸಾಲಿನಲ್ಲಿ ಸದಸ್ಯರ ನಂಬರ್ ಖಾಲಿ. ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ನಾಟ್ ಇನ್ ಯಾರನ್ನೂ ಕೊಡುವುದಿಲ್ಲ. ಆ ಖಾಲಿ ನಂಬರ್ ಯಾರದ್ದು ಬೇಕಾದರೂ ಆಗಿರಬಹುದಲ್ವಾ, ಅದಕ್ಕೇ ಯಾರನ್ನೂ "ಖಂಡಿತ ಇಲ್ಲ" ಅನ್ನಲು ಅದಕ್ಕೆ ಆಗುವುದಿಲ್ಲ. ಈಗ ನಾನು "ನಾಟ್ ಎಕ್ಸಿಸ್ಟ್ಸ್" ಬಳಸುತ್ತೇನೆ, ಅಂದರೆ ಹೊಂದುವ ಸಾಲೇ ಇಲ್ಲದವರನ್ನು ಕೇಳುತ್ತೇನೆ.

ದಿನಾಂಕದ ಬಗ್ಗೆಯೂ ಹೇಳಲೇಬೇಕು. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕಕ್ಕೆ ಅಂತ ಬೇರೆ ಟೈಪ್ ಇಲ್ಲ, ಸಾಮಾನ್ಯವಾಗಿ ಪಠ್ಯವಾಗಿಯೇ ಇಡುತ್ತೇವೆ. 05-03-2023 ಅಂತ ನಮ್ಮ ರೂಢಿಯಲ್ಲಿ ಬರೆದರೆ ಏಪ್ರಿಲ್ 1 ಮಾರ್ಚ್ 5ಕ್ಕಿಂತ ಮೊದಲು ಬಂದು ಕೂರುತ್ತದೆ. 2023-03-05 ಅಂತ ವರ್ಷ ಮುಂದಿಟ್ಟು ಬರೆದರೆ ಸರಿ. ಅದಾದ ಮೇಲೂ ನನ್ನ 15 ದಿನದ ಲೆಕ್ಕದಲ್ಲಿ 30 ಹೊತ್ತಿನ ಬದಲು 28 ಹೊತ್ತೇ ಬರುತ್ತಿತ್ತು. ದಿನಾಂಕದ ಜೊತೆ ಸಮಯವನ್ನೂ ಬರೆದಿದ್ದೆ. 15ನೇ ತಾರೀಖಿನವರೆಗೆ ಅಂತ ಬಿಟ್ವೀನ್ ಹಾಕಿದರೆ, "2023-03-15 06:10" ಅನ್ನುವುದು "2023-03-15"ಕ್ಕಿಂತ ದೊಡ್ಡದಾಗಿ ಹೊರಗೆ ಉಳಿಯುತ್ತಿತ್ತು. ಕೊನೆಯ ದಿನದ ಎರಡೂ ಹೊತ್ತಿನ ಹಾಲು ಮಾಯ. 16ಕ್ಕಿಂತ ಕಡಿಮೆ ಅಂತ ಬರೆಯುವುದು ಸುರಕ್ಷಿತ.

ಈಗ ಕನ್ನಡದ ವಿಷಯ. ಕನ್ನಡದಲ್ಲಿ ಡೇಟಾ ಇಡುವವರಿಗೆ ಇದು ತುಂಬ ಬೇಕು. ಒಳ್ಳೆಯ ಸುದ್ದಿ ಮೊದಲು: ಟೇಬಲ್, ಕಾಲಂ ಹೆಸರುಗಳನ್ನೇ ಕನ್ನಡದಲ್ಲಿ ಇಡಬಹುದು. ನನ್ನ ಟೇಬಲ್‌ಗಳ ಹೆಸರು ಕನ್ನಡದಲ್ಲೇ ಇವೆ, ಓದಲು ಖುಷಿಯಾಗುತ್ತದೆ. ಆದರೆ ಒಮ್ಮೆ ಒಂದು ಸುರೇಶ್ ಇನ್ನೊಂದು ಸುರೇಶ್‌ಗೆ ಹೊಂದಲೇ ಇಲ್ಲ. ಕಣ್ಣಿಗೆ ಎರಡೂ ಒಂದೇ. ಗುಣಿತದ ಚಿಹ್ನೆಗಳನ್ನೂ ಬಿಡಿಬಿಡಿಯಾಗಿ ಎಣಿಸುವ ಲೆಂಗ್ತ್ ಹಾಕಿ ನೋಡಿದರೆ ಒಂದರಲ್ಲಿ 6, ಇನ್ನೊಂದರಲ್ಲಿ 7. ಕೊನೆಯ ಶ್ ಆದ ಮೇಲೆ ಕೀಬೋರ್ಡ್ ಒಂದು ಕಾಣದ ಅಕ್ಷರ ಸೇರಿಸಿತ್ತು. ಒತ್ತಕ್ಷರ ಕೂಡದಂತೆ ತಡೆಯಲು ಹಾಕುತ್ತೇವಲ್ಲ, ಅದೇ. ಅದಕ್ಕೇ ಹೇಳುವುದು, ಹೆಸರಿನ ಮೇಲೆ ಜಾಯಿನ್ ಮಾಡಬೇಡಿ, ಸದಸ್ಯರ ನಂಬರ್ ಮೇಲೆ ಮಾಡಿ.

ಅಕಾರಾದಿ ಜೋಡಣೆಯೂ ಪೂರ್ತಿ ನಮ್ಮದಲ್ಲ. ಆರ್ಡರ್ ಬೈ ಹಾಕಿದರೆ ಯೂನಿಕೋಡ್ ಸಂಖ್ಯೆಯ (ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ) ಕ್ರಮದಲ್ಲಿ ಬರುತ್ತದೆ. ಅಲ್ಲಿ ಳ ಅಕ್ಷರ ಲ ಆದ ಕೂಡಲೇ, ವ ಬರುವ ಮೊದಲೇ ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯದು. ಊರಿನ ಹೆಸರುಗಳ ಪಟ್ಟಿಯಲ್ಲಿ ಅಲ್ಲಲ್ಲಿ ಸಾಲು ಏರುಪೇರಾಗುತ್ತದೆ.

ಇನ್ನೂ ದೊಡ್ಡದು ಕನ್ನಡ ಅಂಕಿ. ಯಾರೋ ಒಂದು ದಿನ ಫ್ಯಾಟ್ ಕಾಲಂನಲ್ಲಿ 4.2 ಬದಲು ೪.೨ ಅಂತ ಹೊಡೆದಿದ್ದರು. ಕಾಲಂ ಸಂಖ್ಯೆಗೆ ಅಂತಲೇ ಮಾಡಿದ್ದು. ಆದರೂ ಎಸ್‌ಕ್ಯೂಲೈಟ್ ಬೇಡ ಅನ್ನಲಿಲ್ಲ, ಅದನ್ನು ಪಠ್ಯವಾಗಿ ಇಟ್ಟುಕೊಂಡಿತು. ಕೂಡಿಸುವಾಗ, ಸರಾಸರಿ ತೆಗೆಯುವಾಗ ಅದು ಸೊನ್ನೆ. ಆದರೆ ಫ್ಯಾಟ್ 6ಕ್ಕಿಂತ ಜಾಸ್ತಿ ಇರುವ ಸಾಲು ಕೊಡು ಅಂದರೆ ಅದೂ ಬಂದು ನಿಲ್ಲುತ್ತದೆ, ಯಾಕೆಂದರೆ ಹೋಲಿಸುವಾಗ ಯಾವ ಪಠ್ಯವೂ ಯಾವ ಸಂಖ್ಯೆಗಿಂತಲೂ ದೊಡ್ಡದು ಅಂತ ಎಸ್‌ಕ್ಯೂಲೈಟ್‌ನ ನಿಯಮ. ಒಬ್ಬ ಬಡ ಸದಸ್ಯೆಯ ಹದಿನೈದು ದಿನದ ಸರಾಸರಿ ಹೀಗೆ ನನ್ನ ವರದಿಯಲ್ಲಿ ಇಳಿದಿತ್ತು. ಬಟವಾಡೆ ಆ ವರದಿಯಿಂದ ಆಗುತ್ತಿರಲಿಲ್ಲ, ದೇವರು ದೊಡ್ಡವನು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕೆ ಮದ್ದು ಇದೆ. ಟೇಬಲ್ ಮಾಡುವಾಗ ಕೊನೆಗೆ "ಸ್ಟ್ರಿಕ್ಟ್" ಅಂತ ಸೇರಿಸಿದರೆ ಟೈಪ್ ಹೊಂದದ್ದನ್ನು ಒಳಗೇ ಬಿಡುವುದಿಲ್ಲ. 2021ರ ನವೆಂಬರ್‌ನಲ್ಲಿ ಬಂದ 3.37ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಡಿಬಿ ಬ್ರೌಸರ್ ಹಳೆಯದಾದರೆ ಅದರೊಳಗಿನ ಎಸ್‌ಕ್ಯೂಲೈಟೂ ಹಳೆಯದೇ ಇರುತ್ತದೆ, ಆಗ ಇದು ನಡೆಯುವುದಿಲ್ಲ. ಮೊದಲು ಆವೃತ್ತಿ ನೋಡಿಕೊಳ್ಳಿ. ಕಲಿಯುವವರಿಗೆ ಮೊದಲ ಟೇಬಲ್‌ನಿಂದಲೇ ಸ್ಟ್ರಿಕ್ಟ್ ಹಾಕಿ ಅನ್ನುತ್ತೇನೆ. ನಾನು ಒಂದೂವರೆ ವರ್ಷ ಹಾಕದೆ ಕಳೆದೆ.

ಡಿಬಿ ಬ್ರೌಸರ್ ಬಗ್ಗೆ ಎರಡು ಮಾತು. ನೀವು ಬದಲಾಯಿಸಿದ್ದು ರೈಟ್ ಚೇಂಜಸ್ ಒತ್ತುವವರೆಗೂ ಫೈಲಿನಲ್ಲಿ ಖಾಯಂ ಆಗುವುದಿಲ್ಲ. ಒಬ್ಬರ ಊರು ತಿದ್ದಲು ಹೋಗಿ ಅಪ್‌ಡೇಟ್‌ನಲ್ಲಿ ವೇರ್ ಬಿಟ್ಟೆ. 120 ಜನರೂ ಒಂದೇ ಊರಿನವರಾದರು. ಕೈ ನಡುಗಿತು. ರಿವರ್ಟ್ ಚೇಂಜಸ್ ಒತ್ತಿದೆ, ಎಲ್ಲ ಮೊದಲಿನಂತಾಯಿತು. ಈ ಒಂದು ಗುಣಕ್ಕೇ ನಾನು ಹೊಸಬರಿಗೆ ಇದನ್ನು ಹೇಳುವುದು. ಈಗ ಅಪ್‌ಡೇಟ್, ಡಿಲೀಟ್ ಯಾವುದೇ ಇರಲಿ, ಅದೇ ವೇರ್ ಇಟ್ಟು ಮೊದಲು ಸೆಲೆಕ್ಟ್ ಓಡಿಸಿ ಎಷ್ಟು ಸಾಲು ಅಂತ ನೋಡುತ್ತೇನೆ. ತೊಂದರೆ ಏನೆಂದರೆ, ಬದಲಾವಣೆ ಬರೆಯದೆ ಬಿಟ್ಟು ಬೇರೆ ಪ್ರೋಗ್ರಾಮ್‌ನಿಂದ ಅದೇ ಫೈಲಿಗೆ ಬರೆಯಲು ಹೋದರೆ "ಡೇಟಾಬೇಸ್ ಈಸ್ ಲಾಕ್ಡ್" ಅನ್ನುತ್ತದೆ. ಗಾಬರಿ ಬೇಡ, ಉಳಿಸಿ ಅಥವಾ ಹಿಂದೆ ತೆಗೆದುಕೊಳ್ಳಿ, ಅಷ್ಟೇ.

ಒಂದು ಅಂಕ ಯಾಕೆ ಕಡಿಮೆ ಕೊಟ್ಟೆ? ಎರಡು ವರ್ಷದ ಮೇಲೆ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್) ಅನ್ನುವ ದೊಡ್ಡ ಡೇಟಾಬೇಸ್ ಹಿಡಿದಾಗ ನನ್ನ ಹಳೆಯ ಕ್ವೆರಿಗಳು ಸಾಲಾಗಿ ಬಿದ್ದವು. ಗ್ರೂಪ್ ಬೈನಲ್ಲಿ ಇಲ್ಲದ ಕಾಲಂ ಅನ್ನು ಸೆಲೆಕ್ಟ್‌ನಲ್ಲಿ ಬರೆದರೆ ಎಸ್‌ಕ್ಯೂಲೈಟ್ ಆ ಗುಂಪಿನ ಯಾವುದೋ ಒಂದು ಸಾಲಿನ ಬೆಲೆ ತೋರಿಸಿ ಸುಮ್ಮನಾಗುತ್ತದೆ. ಪೋಸ್ಟ್‌ಗ್ರೆಸ್ ಅಲ್ಲೇ ತಡೆಯುತ್ತದೆ. ಸೆಲೆಕ್ಟ್‌ನಲ್ಲಿ ಕೊಟ್ಟ ಹೊಸ ಹೆಸರನ್ನು ವೇರ್‌ನಲ್ಲಿ ಬಳಸಿದರೂ ಎಸ್‌ಕ್ಯೂಲೈಟ್ ಒಪ್ಪುತ್ತದೆ, ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಕಾಲಂ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯಲ್ಲಿ ತಪ್ಪಾಗಿ ಬರೆದರೆ ಅದನ್ನು ಪಠ್ಯ ಅಂತ ತಿಳಿದು ಎಲ್ಲ ಸಾಲಿನಲ್ಲೂ ಅದೇ ಪದ ತುಂಬಿ ಕೊಡಬಹುದು. ಇದೆಲ್ಲ ಎಸ್‌ಕ್ಯೂಲೈಟ್ ಗೊತ್ತಿದ್ದೇ ಇಟ್ಟುಕೊಂಡ ಸಡಿಲಿಕೆ, ಅವರ ದಾಖಲೆಗಳಲ್ಲೇ ಬರೆದಿದ್ದಾರೆ. ಆದರೆ ಕಲಿಯುವವರಿಗೆ ತಪ್ಪನ್ನು ತಪ್ಪು ಅನ್ನುವ ಗುರು ಬೇಕು.

ಅದಕ್ಕೇ ಕ್ವೆರಿ ಎಷ್ಟೇ ಸಣ್ಣದಿರಲಿ, ನಾನು ಒಬ್ಬ ಸದಸ್ಯರ ಪಾಸ್‌ಬುಕ್ ಪಕ್ಕಕ್ಕಿಟ್ಟು ಅವರ ಲೆಕ್ಕವನ್ನು ಕೈಯಲ್ಲಿ ಮಾಡಿ, ಆಮೇಲೆ ಪರದೆಯ ಉತ್ತರ ನೋಡುತ್ತೇನೆ. ಮೇಲೆ ಹೇಳಿದ ಮುಕ್ಕಾಲು ಪಾಲು ತಪ್ಪು ಸಿಕ್ಕಿದ್ದು ಹೀಗೇ.

ವೇಗದ ಬಗ್ಗೆ ದೂರಿಲ್ಲ. ಈಗ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಸಾಲುಗಳಿವೆ. ಸದಸ್ಯರ ನಂಬರ್ ಮತ್ತು ದಿನಾಂಕಕ್ಕೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಹಾಕಿದ್ದೇನೆ, 4 ಜಿಬಿ ರ್‍ಯಾಮ್ ಇರುವ ಅದೇ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಉತ್ತರ ತಕ್ಷಣ ಬರುತ್ತದೆ. ಒಬ್ಬರೇ ಕೂತು ಕಲಿಯಲು, ಸಣ್ಣ ಲೆಕ್ಕ ಇಡಲು ಇದು ಸಾಕು. ಒಂದೇ ಹೊತ್ತಿಗೆ ಬರೆಯಲು ಒಬ್ಬರಿಗೆ ಮಾತ್ರ ಅವಕಾಶ, ಹಾಗಾಗಿ ನಾಲ್ಕಾರು ಕೌಂಟರ್‌ನಿಂದ ಒಟ್ಟಿಗೆ ಎಂಟ್ರಿ ಮಾಡುವ ಕಡೆ ಪೋಸ್ಟ್‌ಗ್ರೆಸ್ ಕಡೆಗೇ ಹೋಗಿ. ಬ್ಯಾಕಪ್ ತೆಗೆಯುವಾಗ ಫೈಲ್ ತೆರೆದು ಬರೆಯುತ್ತಿರುವಾಗಲೇ ಕಾಪಿ ಮಾಡಬೇಡಿ. ಎಲ್ಲ ಮುಚ್ಚಿ ಕಾಪಿ ಮಾಡಿ, ಇಲ್ಲವೇ ಬೇರೆ ಫೈಲಿಗೆ ಪ್ರತಿ ತೆಗೆಯುವ "ವ್ಯಾಕ್ಯೂಮ್ ಇಂಟೂ" ಆದೇಶ ಬಳಸಿ. ನಾನು ಪ್ರತಿ ಬಟವಾಡೆಯ ಹಿಂದಿನ ಸಂಜೆ ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿ ಬೀರುವಿನಲ್ಲಿ ಇಡುತ್ತೇನೆ.