ತಲೆಸ್ನಾನದ ಫಿಟ್ಸ್: ಸ್ನಾನದ ದಿನ ಕ್ಲೋಬಜಾಮೋ, ದಿನವೂ ಕಾರ್ಬಮಜೆಪಿನೋ?

ಬಿಸಿನೀರು ತಲೆಗೆ ಬಿದ್ದಾಗಷ್ಟೇ ಫಿಟ್ಸ್ ಬರುವವರಿಗೆ, ಫಿಟ್ಸ್ ತಡೆಯುವ ಈ ಎರಡು ಮಾತ್ರೆಗಳಲ್ಲಿ ನನ್ನ ಮತ ಕ್ಲೋಬಜಾಮ್‌ಗೆ. ಹಳೇ ಮೈಸೂರು ಸೀಮೆಗೆ ಈ ಕಾಯಿಲೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನು ಅಭ್ಯಾಸ ಮಾಡಿದ್ದಾರೆ.

ಯಾವ ಮಾತ್ರೆಯಾದರೂ ನೀರು ಉಗುರುಬೆಚ್ಚಗೇ ಇರಬೇಕು. ಹಬೆಯಾಡುವ ಹಂಡೆ ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿಯುವುದೇ ಫಿಟ್ಸ್ ಕೆರಳಿಸುವುದು. ಕೆಲವರಿಗೆ ಇಷ್ಟು ಬದಲಿಸಿದರೇ ಸಾಕು. ಬಚ್ಚಲ ಚಿಲಕ ಹಾಕಬಾರದು, ಹೊರಗೊಬ್ಬರು ಇರಬೇಕು.

ಕ್ಲೋಬಜಾಮ್‌ನ ದೊಡ್ಡ ತೊಡಕು ಹೊತ್ತಿನದು. ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ. ಯಾರಿಗೆ ಎಷ್ಟೆಂದು ವೈದ್ಯರೇ ಬರೆಯಬೇಕು. ತಲೆಗೆ ನೀರು ಬೀಳುವ ಒಂದೂವರೆ, ಎರಡು ಗಂಟೆ ಮೊದಲೇ ನುಂಗಿರಬೇಕು. ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೊರಟಾಗ ನೆನಪಾಗಿ ನುಂಗಿದರೆ, ಅದು ರಕ್ತಕ್ಕೆ ಸರಿಯಾಗಿ ಸೇರುವಷ್ಟರಲ್ಲಿ ಸ್ನಾನವೇ ಮುಗಿದಿರುತ್ತದೆ. ಫಿಟ್ಸ್ ಬಂದರೆ ‘ಈ ಮಾತ್ರೆ ಹಿಡಿಯಲಿಲ್ಲ’ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಕೆಟ್ಟದ್ದು ಮಾತ್ರೆಯಲ್ಲ, ಗಡಿಯಾರ.

ಏಳೂವರೆಗೆ ಸ್ನಾನವೆಂದರೆ ಐದೂಮುಕ್ಕಾಲಿಗೆ ಮಾತ್ರೆ. ನರಕ ಚತುರ್ದಶಿಯ ನಸುಕಿನ ಸ್ನಾನ ಐದಕ್ಕಾದರೆ ಮೂರೂಕಾಲಿಗೆ ಏಳಬೇಕು. ಅದಾಗದಿದ್ದರೆ ಆ ಸ್ನಾನವನ್ನೇ ಮುಂದೂಡುವುದು ಮೇಲು. ಮರೆತರೆ ಮೈಗಷ್ಟೇ ನೀರು ಹಾಕಿಕೊಂಡು, ತಲೆಸ್ನಾನವನ್ನು ಮರುದಿನಕ್ಕಿಡಿ. ಎರಡು ಮಾತ್ರೆ ಒಟ್ಟಿಗೆ ನುಂಗಿ ಸರಿದೂಗಿಸಲು ಹೋಗಬೇಡಿ.

ಆ ದಿನ ಮಂಪರು ಇರಬಹುದು. ಬೈಕ್ ಬೇಡ, ಮದ್ಯವಂತೂ ಬೇಡವೇ ಬೇಡ. ಮಕ್ಕಳಿಗೆ ಭಾನುವಾರವೇ ಅನುಕೂಲ.

ಕಾರ್ಬಮಜೆಪಿನ್‌ಗೆ ಸ್ನಾನದ ಹೊತ್ತಿನ ಲೆಕ್ಕ ಬೇಕಿಲ್ಲ, ಅದೊಂದು ನೆಮ್ಮದಿ. ಆದರೆ ಸಾಮಾನ್ಯವಾಗಿ ದಿನಕ್ಕೆರಡು ಸಲ, ವರ್ಷಗಟ್ಟಲೆ. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಮೊದಲ ತಿಂಗಳುಗಳಲ್ಲಿ ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಗರ್ಭನಿರೋಧಕ ಮಾತ್ರೆಯ ಬಲವೂ ಕುಗ್ಗುತ್ತದೆ.

ಖರ್ಚು ನೋಡಿ: ವಾರಕ್ಕೊಮ್ಮೆ ತಲೆಸ್ನಾನವಾದರೆ ತಿಂಗಳಿಗೆ ನಾಲ್ಕೈದು ಕ್ಲೋಬಜಾಮ್, ಕಾರ್ಬಮಜೆಪಿನ್ ಆದರೆ ಅರವತ್ತು ಮಾತ್ರೆ. ವಾರಕ್ಕೊಮ್ಮೆ ಎಣ್ಣೆಸ್ನಾನದ ರೂಢಿಯಿರುವ ನಮ್ಮಂಥ ಮನೆಗಳಿಗೆ ಬೇರೆ ಯೋಚನೆಯೇ ಬೇಡ.

ದಿನವೂ ತಲೆಗೆ ನೀರು ಹಾಕಿಕೊಳ್ಳುವವರಿಗೆ ಈ ಲೆಕ್ಕ ನಡೆಯದು: ದಿನಾ ನುಂಗಿದರೆ ಕ್ಲೋಬಜಾಮ್‌ಗೆ ದೇಹ ಒಗ್ಗಿಕೊಂಡು ಪರಿಣಾಮ ತಗ್ಗಬಹುದು. ಸ್ನಾನವಿಲ್ಲದೆಯೂ ಫಿಟ್ಸ್ ಶುರುವಾದರೆ ಸ್ನಾನದ ದಿನದ ಮಾತ್ರೆಯೊಂದನ್ನೇ ನಂಬಿ ಕೂರಬೇಡಿ; ಆಗ ದಿನವೂ ನುಂಗುವ ಔಷಧ ಬೇಕೇ ಎಂದು ನರರೋಗ ತಜ್ಞರನ್ನು ಕೇಳಿ.