ಕೋಥ್ರೂಡ್‌ನ ವಕೀಲರ ಸಲಹೆ: ಕೊಟ್ಟ ದುಡ್ಡಿಗೆ ಮೋಸವಿಲ್ಲ

ನನ್ನ ತಮ್ಮ ಅಮೆರಿಕದ ಒಹಾಯೋದಲ್ಲಿ ತನ್ನ ಗೆಳೆಯನನ್ನು ಮದುವೆಯಾಗುತ್ತಿದ್ದಾನೆ. ಅಮ್ಮನಿಗೆ ಒಂದೇ ಚಿಂತೆ, ನಾಳೆ ಆ ರಾಜ್ಯ ಬೇಡ ಅಂದರೆ ಏನು ಗತಿ? ಅದಕ್ಕೇ ಪುಣೆಯ ಕೋಥ್ರೂಡ್‌ನಲ್ಲಿರುವ ಒಬ್ಬ ಕನ್ನಡದ ವಕೀಲರ ಹತ್ತಿರ ಹೋದೆವು. ಮುಕ್ಕಾಲು ಗಂಟೆ ಕಾಯಿಸಿದರು, ಬೇಜಾರಾಯಿತು. ಆದರೆ ಕೂತ ಮೇಲೆ ಅವಸರ ಮಾಡಲಿಲ್ಲ.

ಅಲ್ಲಿ ಮದುವೆಯ ಕಾನೂನು ಆಯಾ ರಾಜ್ಯದ್ದೇ, ಆದರೆ ಅದು ದೇಶದ ಸಂವಿಧಾನ ಮೀರುವಂತಿಲ್ಲ, ಮೀರಿದರೆ ಫೆಡರಲ್ ಕೋರ್ಟ್, ಅಂದರೆ ಕೇಂದ್ರದ ಕೋರ್ಟ್, ತಡೆಯಬಹುದು ಅಂತ ಕಾಗದದ ಮೇಲೆ ಬರೆದು ತೋರಿಸಿದರು. 2014ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟೊಂದು ಒಹಾಯೋ, ಮಿಷಿಗನ್, ಕೆಂಟಕಿ, ಟೆನೆಸಿ ರಾಜ್ಯಗಳು ಸಲಿಂಗ ಮದುವೆಗೆ ಹಾಕಿದ್ದ ನಿಷೇಧಗಳನ್ನು ಎತ್ತಿಹಿಡಿದಿತ್ತು. 2015ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ ಓಬರ್ಗೆಫೆಲ್ ಕೇಸಿನಲ್ಲಿ 5-4 ನ್ಯಾಯಾಧೀಶರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಆಧಾರ, ಕಾನೂನಿನ ಸಮಾನ ರಕ್ಷಣೆ ಕೊಡುವ ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿ. ಆ ಕೇಸು ಹುಟ್ಟಿದ್ದೇ ಒಹಾಯೋದಲ್ಲಿ, ಸಾಯುವ ಸ್ಥಿತಿಯಲ್ಲಿದ್ದ ಗಂಡನ ಮರಣ ಪ್ರಮಾಣಪತ್ರದಲ್ಲಿ ಸಂಗಾತಿ ಅಂತ ತನ್ನ ಹೆಸರು ಬರಲಿ ಎಂದು ಒಬ್ಬರು ಕೋರ್ಟಿಗೆ ಹೋದದ್ದು. ಇದನ್ನು ಕೇಳಿ ಅಮ್ಮ ಕಣ್ಣೊರೆಸಿಕೊಂಡಳು.

ಮುಂದೆ ಆ ತೀರ್ಪು ಬಿದ್ದರೆ? 2022ರ ಕಾನೂನಿದೆ ಎಂದರು. ಒಂದು ರಾಜ್ಯದಲ್ಲಿ ಕಾನೂನುಬದ್ಧವಾಗಿ ಆದ ಮದುವೆಯನ್ನು ಉಳಿದ ರಾಜ್ಯಗಳೂ ಒಪ್ಪಬೇಕು. ಆದರೆ ಹೊಸ ಮದುವೆ ಮಾಡಿಸಲೇಬೇಕು ಅಂತ ಅದು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ.

ಸುಮ್ನೆ ಆಸೆ ಹುಟ್ಟಿಸಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟ್ ಇಂಥ ಮದುವೆಗೆ ಮಾನ್ಯತೆ ಕೊಡುವುದು ಸಂಸತ್ತಿನ ಕೆಲಸ ಅಂದುಬಿಟ್ಟಿದೆ, ಹಾಗಾಗಿ ಇಲ್ಲಿ ರಿಜಿಸ್ಟರ್ ಮಾಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ ಎಂದರು.

ಹೋಗುವವರು ಬೆಳಿಗ್ಗೆಯ ಹೊತ್ತು ಕೇಳಿ. ಸಂಜೆ ರಶ್ ಜಾಸ್ತಿ.