ಮೂರು ವರ್ಷದ ವಾಲೆಟ್: ಕೆಲಸ ಚೆನ್ನ, ಬಾಯಿ ಮಾತ್ರ ಬಿಡುವುದಿಲ್ಲ

ಈಥೀರಿಯಂ ಅನ್ನೋ ಕ್ರಿಪ್ಟೋ ಜಾಲದಲ್ಲಿ ದುಡ್ಡು ನೋಡಿಕೊಳ್ಳಲು, ಕಳಿಸಲು ಮೂರು ವರ್ಷದಿಂದ ಒಂದೇ ವಾಲೆಟ್ ಆಪ್ ಬಳಸುತ್ತಿದ್ದೇನೆ. ಹೆಸರು ಬೇಡ ಬಿಡಿ. ಬ್ಯಾಲೆನ್ಸ್‌ನಲ್ಲಿ ಒಂದು ದಿನವೂ ತಪ್ಪು ಬಂದಿಲ್ಲ. ಆದರೂ ಎರಡು ಸಲ ನಿದ್ದೆ ಕೆಡಿಸಿದೆ.

ಮೊದಲನೇ ಸಲ ತಪ್ಪು ನನ್ನದೇ. ವಹಿವಾಟಿಗೆ ಹಿಡಿಯುವ ಕೆಲಸವನ್ನು ಅಲ್ಲಿ 'ಗ್ಯಾಸ್' ಅಂತ ಅಳೆದು ಫೀಸ್ ಹಾಕುತ್ತಾರೆ. ಫೀಸ್ ಉಳಿಸಲು ಗ್ಯಾಸ್ ದರ ಇಳಿಸಿ ಗೆಳೆಯನಿಗೆ ಈಥರ್ (ಈಥೀರಿಯಂನ ನಾಣ್ಯ) ಕಳಿಸಿದೆ. 12 ಸೆಕೆಂಡಿಗೊಂದು ಬ್ಲಾಕ್ (ವಹಿವಾಟುಗಳ ಒಂದು ಕಟ್ಟು) ಬರುವ ಚೈನ್ ಅದು, ಬೆಳಗ್ಗೆ ಎದ್ದರೂ 'ಪೆಂಡಿಂಗ್'! ಗಾಬರಿಯಲ್ಲಿ ಮಾಮೂಲಿ ದರ ಇಟ್ಟು ಇನ್ನೆರಡು ಸಲ ಕಳಿಸಿದೆ. ಅವೂ ನಿಂತವು. ಒಂದು ವಿಳಾಸದಿಂದ ಹೊರಡುವ ಪ್ರತಿ ವಹಿವಾಟಿಗೂ ನಾನ್ಸ್ ಅಂತ ಕ್ರಮಸಂಖ್ಯೆ ಇರುತ್ತದೆ. ನನ್ನ ಮೊದಲನೆಯದು 41, ಅದು ಹೋಗದೆ 42 ಹೋಗುವುದಿಲ್ಲ. ಆಸ್ಪತ್ರೆ ಟೋಕನ್ ಥರ ಅನ್ನಿ, ಆದರೆ ಇಲ್ಲಿ 'ಅವರಿಲ್ಲ, ಮುಂದಿನವರು ಬನ್ನಿ' ಅನ್ನೋ ನರ್ಸ್ ಇಲ್ಲ.

ಆಪ್‌ನಲ್ಲಿ 'ಕ್ಯಾನ್ಸಲ್' ಬಟನ್ ಇದೆ. ಹೆಸರೇ ತಪ್ಪು. ಅದು ಮಾಡುವುದು ಇಷ್ಟೇ: ಅದೇ ನಾನ್ಸ್ ಹಾಕಿ, ಜಾಸ್ತಿ ಫೀಸ್ ಕೊಟ್ಟು, ನಿಮ್ಮ ವಿಳಾಸಕ್ಕೇ ಸೊನ್ನೆ ಈಥರ್ ಕಳಿಸುತ್ತದೆ. ಅದು ಮೊದಲು ಬ್ಲಾಕ್ ಸೇರಿದರೆ ಹಳೆಯದು ಸತ್ತಂತೆ. ಒತ್ತಿದೆ, 41 ತೆರವಾಯಿತು. ಅದರ ಬೆನ್ನಿಗೇ 42, 43 ಎರಡೂ ಹೊರಟವು! ಗೆಳೆಯನಿಗೆ ಡಬಲ್ ದುಡ್ಡು. ಪುಣ್ಯಕ್ಕೆ ವಾಪಸ್ ಕಳಿಸಿದ, ಫೀಸ್ ಹಿಡಿದುಕೊಂಡು.

ಎರಡನೇ ಸಲ ಒಂದು ಕ್ರಿಪ್ಟೋ ಟೋಕನ್ ಕೊಟ್ಟು ಇನ್ನೊಂದು ತೆಗೆದುಕೊಳ್ಳುವಾಗ 'ಫೇಲ್ಡ್' ಅಂತ ಬಂತು. ಟೋಕನ್ ನನ್ನ ಹತ್ತಿರವೇ ಇತ್ತು, ಫೀಸ್ ಮಾತ್ರ ಹೋಗಿತ್ತು. ಯಾಕೆ ಅಂತ ಆಪ್ ಒಂದಕ್ಷರ ಹೇಳಲಿಲ್ಲ. ವಹಿವಾಟಿನ ಹ್ಯಾಶ್ (ಅದರ ಗುರುತಿನ ಕೋಡ್) ಕಾಪಿ ಮಾಡಿ, ಈಥೀರಿಯಂ ವಹಿವಾಟು ತೋರಿಸುವ ಈಥರ್‌ಸ್ಕ್ಯಾನ್ ವೆಬ್‌ಸೈಟಿನಲ್ಲಿ ಹಾಕಿದರೆ ಕೆಂಪಕ್ಷರದಲ್ಲಿ 'ಔಟ್ ಆಫ್ ಗ್ಯಾಸ್'. ಬರೀ ಈಥರ್ ಕಳಿಸಲು 21,000 ಗ್ಯಾಸ್ ಸಾಕು, ಟೋಕನ್ ಬದಲಾಯಿಸುವಂಥ ಕಾಂಟ್ರಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಕೆಲಸಕ್ಕೆ ಲಕ್ಷ ದಾಟುವುದು ಮಾಮೂಲು. ನಾನು ಜಾಣತನ ಮಾಡಿ ಗ್ಯಾಸ್ ಮಿತಿ ಕಡಿಮೆ ಇಟ್ಟಿದ್ದೆ. ದಾರಿಯಲ್ಲಿ ಕೆಟ್ಟು ನಿಂತರೂ ಓಡಿದಷ್ಟಕ್ಕೆ ಮೀಟರ್ ಕಾಸು ಕೊಡಬೇಕು, ಅಲ್ವಾ?

ನನ್ನ ದೂರು ಇದೊಂದೇ. ಈಥರ್‌ಸ್ಕ್ಯಾನ್ ತೋರಿಸುವ ಕಾರಣವನ್ನು ಆಪ್ ಯಾಕೆ ಬಚ್ಚಿಡಬೇಕು? ಗೊತ್ತಾಗದ ಜನ ಸಹಾಯ ಕೇಳಿಕೊಂಡು ಹೋಗುತ್ತಾರೆ. ನಾನೂ ಒಂದು ಗ್ರೂಪಿನಲ್ಲಿ ಕೇಳಿದ್ದೆ. ಐದೇ ನಿಮಿಷದಲ್ಲಿ 'ಸಪೋರ್ಟ್ ಟೀಮ್' ಅಂತ ಒಬ್ಬ ಮೆಸೇಜ್ ಮಾಡಿ, 'ನಿಮ್ಮ 12 ಪದಗಳ ಸೀಡ್ ಫ್ರೇಸ್ ಕಳಿಸಿ, ಸರಿ ಮಾಡ್ತೀನಿ' ಅಂದ. ಅದು ಇಡೀ ವಾಲೆಟ್‌ನ ಕೀಲಿ, ಕೊಟ್ಟರೆ ದುಡ್ಡೆಲ್ಲ ಅವನದು. ಅವನನ್ನು ಬ್ಲಾಕ್ ಮಾಡಿದೆ.

ಐದಕ್ಕೆ ಮೂರು ಸ್ಟಾರ್. ಹೊಸ ಫೋನಿಗೂ ಇದನ್ನೇ ಹಾಕಿಕೊಂಡಿದ್ದೇನೆ, ಗ್ಯಾಸ್ ಸೆಟ್ಟಿಂಗ್ ಮಾತ್ರ ಮುಟ್ಟಿಲ್ಲ.